ಬೆಳವ ಸಾಕಿದ ಮನೆಗಳಲ್ಲಿ ಪರಿಮಳದ ಬಳಕೆ ಕುರಿತು

ಕೆನಾರಿ ಓಣಿ ನಿವಾಸಿಗಳ ಸಂಘ, ಯೋಗ್ಯಕರ್ತ ನಗರ, ಜಾವಾ
ಸಂಖ್ಯೆ: ಕೆಓಸಂ/ಮೂಗು/ಹಕ್ಕಿ/07

ವಿಷಯ: ಹಾಡುವ ಬೆಳವ ಹಕ್ಕಿಗಳಿರುವ ಮನೆಗಳಲ್ಲಿ ನೈಸರ್ಗಿಕ ಸುವಾಸನೆಯನ್ನು ಮಾತ್ರ ಬಳಸುವ ಬಗ್ಗೆ.

ಉಲ್ಲೇಖ: 1. ಅಧ್ಯಕ್ಷರಾದ ಬಪಾಕ್ (ಶ್ರೀ) ವಿಗ್ನ್ಯೊ ಅವರ ಬೆಳವ ‘ರಾಡೆನ್’ ಮಂಗಳವಾರದಿಂದ ಹಾಡು ನಿಲ್ಲಿಸಿರುವುದು.
2. ಭಾನುವಾರ ಮೈದಾನದಲ್ಲಿ ಬೆಳವಗಳ ಹಾಡಿನ ಸ್ಪರ್ಧೆ ಇರುವುದು.
3. ಅಧ್ಯಕ್ಷರ ಪತ್ನಿ ಇಬು (ಶ್ರೀಮತಿ) ತುಮಿನಾ ಅವರ ಮೌಖಿಕ ಹೇಳಿಕೆ.

ಜಾವಾದ ಗಂಡಸು ಪೂರ್ಣನೆನಿಸಿಕೊಳ್ಳಲು ಮನೆ, ಹೆಂಡತಿ, ಕುದುರೆ, ಕಠಾರಿ ಮತ್ತು ಹಕ್ಕಿ ಇರತಕ್ಕದ್ದೆಂಬುದು ಹಿರಿಯರ ಕಾಲದಿಂದ ಜಾರಿಯಲ್ಲಿರುವ ನಿಯಮ. ಅಧ್ಯಕ್ಷರಿಗೆ ಮನೆಯಿದೆ, ಕಠಾರಿಯಿದೆ, ಕುದುರೆಯ ಬಾಬ್ತು ಹಳೆಯ ಬೈಕಿದೆ. ಹಕ್ಕಿ ಮೌನವಾಗಿದೆ. ಹೆಂಡತಿ ಮಂಗಳವಾರ ಬೆಳಿಗ್ಗೆ ಓಣಿಯ ತುದಿಯ ತಂಗಿ ಮನೆಗೆ ಹೋಗಿದ್ದಾರೆ. ಹೋಗುವ ಮುನ್ನ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಮನೆಯೆಲ್ಲಾ ಹಿಕ್ಕೆ ನಾತ. ಸೆಂಟು ಹೊಡೀಬಾರ್ದು, ಬತ್ತಿ ಹಚ್ಚಬಾರ್ದು, ಈಗ ಸೀಗಡಿ ಚಟ್ನೀನೂ ಹುರೀಬಾರ್ದಾ? ಆ ಹಕ್ಕೀನೇ ಕಟ್ಕೊಂಡು ಸಂಸಾರ ಮಾಡಿ, ಬಪಾಕ್!”

ಸೋಮವಾರ ಇಬು ತುಮಿನಾ ಹೊಡೆದ ಲ್ಯಾವೆಂಡರ್ ಸ್ಪ್ರೇಯೇ ಹಕ್ಕಿಯ ಮೌನಕ್ಕೆ ಕಾರಣವೆಂದು ಅಧ್ಯಕ್ಷರು ಏಕಪಕ್ಷೀಯವಾಗಿ ತೀರ್ಮಾನಿಸಿರುವುದರಿಂದ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಸ್ಪ್ರೇ, ಊದುಬತ್ತಿ, ಪರಿಮಳದ ಮೇಣದಬತ್ತಿ ಹಾಗೂ ಸೀಗಡಿ ಚಟ್ನಿ ಹುರಿಯುವುದನ್ನು ನಿಷೇಧಿಸಲಾಗಿದೆ. ಹಕ್ಕಿಯ ಶ್ವಾಸಕೋಶ ಚಿಕ್ಕದು. ಅಧ್ಯಕ್ಷರ ತಾಳ್ಮೆ ಅದಕ್ಕಿಂತ ಚಿಕ್ಕದು.

2. ಬದಲಿಗೆ ಅನ್ನಕ್ಕೆ ಹಾಕುವ ಪಾಂಡನ್ ಎಲೆ, ಮಜ್ಜಿಗೆ ಹುಲ್ಲು, ಬಟ್ಟಲ ನೀರಿನಲ್ಲಿ ತೇಲಿಬಿಟ್ಟ ಮಲ್ಲಿಗೆಯನ್ನು ಪಂಜರದಿಂದ ತುಸು ದೂರದಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೂ ಮೊದಲು ಪಂಜರ ತೊಳೆದು ಕಿಟಕಿ ತೆರೆಯತಕ್ಕದ್ದು. ಇದನ್ನು ಇಬು ತುಮಿನಾ ಹಿಂದೆಯೇ ಹೇಳಿದ್ದರೆಂಬುದನ್ನು ಚರ್ಚಿಸತಕ್ಕದ್ದಲ್ಲ.

3. ಹೊಸ ಪರಿಮಳವನ್ನು ಮನೆಯ ಯಜಮಾನನು ಪಂಜರದೆತ್ತರಕ್ಕೆ ಏಣಿ ಹತ್ತಿ ಮೂಸತಕ್ಕದ್ದು. ಸೀನಿದಲ್ಲಿ ಪರಿಮಳ ತಿರಸ್ಕೃತ. ಬಿದ್ದಲ್ಲಿ ಯಜಮಾನ ತಿರಸ್ಕೃತ.

4. ಗಬ್ಬು ನಾತಕ್ಕೆ ಹೆಸರಾದ ದುರಿಯನ್ ಹಣ್ಣು ನೈಸರ್ಗಿಕವಲ್ಲವೇ ಎಂದು ಪಕ್ಕದ ಮನೆಯ ಬಪಾಕ್ ಗಿಯಾಂತೊ ಕೇಳಿರುತ್ತಾರೆ. ನೈಸರ್ಗಿಕವೇ. ಆದಾಗ್ಯೂ ಅದನ್ನು ಓಣಿಯಾಚೆ ತಿನ್ನತಕ್ಕದ್ದು, ತಿಂದ ಮೇಲೆ ಕೂಡಲೇ ಮರಳತಕ್ಕದ್ದಲ್ಲ.

5. ಅತ್ತರು ಪೂಸಿಕೊಂಡ ಅತಿಥಿಗಳು ಪಂಜರಕ್ಕೆ ಬೆನ್ನು ಹಾಕಿ ಮಾತನಾಡತಕ್ಕದ್ದು. ಮದುಮಗಳಿಗೆ ವಿನಾಯಿತಿ ಇದೆ, ಮದುಮಗನಿಗಿಲ್ಲ.

6. ರಾಡೆನ್ ತಲೆ ಕುಣಿಸಿದರೆ ಪರಿಮಳ ಮಂಜೂರು. ಹಿಕ್ಕೆ ಹಾಕಿದರೆ ಮೇಲ್ಮನವಿಗೆ ಅವಕಾಶವಿದೆ.

7. ಇಷ್ಟು ಬೆರಳಚ್ಚಾಗುವ ಹೊತ್ತಿಗೆ ಒಂದು ಘಟನೆ ಸಂಭವಿಸಿರುತ್ತದೆ. ರಾಡೆನ್‌ನ ಪಂಜರವನ್ನು ಎಂದಿನಂತೆ ಅಂಗಳದ ಎತ್ತರದ ಕಂಬಕ್ಕೆ ಹಗ್ಗದಲ್ಲಿ ಏರಿಸಲಾಗಿತ್ತು. ಓಣಿಯ ತುದಿಯಿಂದ ಸೀಗಡಿ ಚಟ್ನಿಯ ಘಾಟು ಬಂತು. ಹಿಂದೆಯೇ ಇಬು ತುಮಿನಾ ಮೀನಿನವನನ್ನು ಗದರುವ ದನಿಯೂ ಬಂತು: “ಇವತ್ತಿನ ಮೀನಾ ಇದು? ಇದರ ತಿಥಿ ಊಟಾನೂ ಮುಗಿದಿದೆ ಕಣಯ್ಯಾ!” ರಾಡೆನ್ ಎದೆಯುಬ್ಬಿಸಿ ಹಾಡಿರುತ್ತಾನೆ. ಅವರು ಬೈದಷ್ಟೂ ಹಾಡಿ, ಅವರು ಸುಮ್ಮನಾದೊಡನೆ ನಿಲ್ಲಿಸಿರುತ್ತಾನೆ. “ಹಕ್ಕಿಗೆ ವಾಸನೆ ತಾಕಿದ್ದಲ್ಲ ಮಾರಾಯಾ, ಆಯಮ್ಮನ ಬೈಗುಳ ಇಲ್ದೆ ಬೇಜಾರಾಗಿತ್ತು” ಎಂದು ಬಪಾಕ್ ಗಿಯಾಂತೊ ಬೇಲಿಯಾಚೆಯಿಂದ ಅನಧಿಕೃತವಾಗಿ ಅಭಿಪ್ರಾಯಪಟ್ಟಿರುತ್ತಾರೆ. ಅಧ್ಯಕ್ಷರಿಗೂ ಹಾಗೆಯೇ ಆಗಿತ್ತೆಂಬುದನ್ನು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

8. ಆದ ಕಾರಣ, ಹಕ್ಕಿ ಹೊರಗೆ ಕಂಬದ ಮೇಲಿರುವಾಗ ಚಟ್ನಿ ಹುರಿಯಲು ಅನುಮತಿ ನೀಡಲಾಗಿದೆ. ಇನ್ನು ಮುಂದೆ ಪಂಜರವನ್ನು ದಿನವೂ ಅಧ್ಯಕ್ಷರೇ ತೊಳೆಯತಕ್ಕದ್ದು. ಇಬು ತುಮಿನಾ ದಯಮಾಡಿ ಮನೆಗೆ ಮರಳಿ, ಭಾನುವಾರ ಸ್ಪರ್ಧೆಯ ಮೈದಾನದಲ್ಲಿ ರಾಡೆನ್‌ನ ಕಂಬದಡಿ ನಿಂತು, ಅಧ್ಯಕ್ಷರನ್ನು ಮನಸಾರೆ ಬೈಯಬೇಕೆಂದು ಕೋರಲಾಗಿದೆ.

(ಸಹಿ)
ವಿಗ್ನ್ಯೊ ಹರ್ದೊನೊ
ಅಧ್ಯಕ್ಷರು ಹಾಗೂ ಪಂಜರ ತೊಳೆಯುವವರು

ಪ್ರತಿಗಳು:
1. ಮೀನಿನವನಿಗೆ: ಹಳೆಯ ಮೀನಿನೊಂದಿಗೆ ಭಾನುವಾರ ಮೈದಾನದಲ್ಲಿ ಹಾಜರಿರಲು.
2. ಬಪಾಕ್ ಗಿಯಾಂತೊ ಅವರಿಗೆ: ಓದಿ ಸುಮ್ಮನಿರಲು.
3. ರಾಡೆನ್‌ಗೆ: ಪಂಜರದ ತಳಕ್ಕೆ ಹಾಸಲು.
4. ಇಬು ತುಮಿನಾ ಅವರಿಗೆ: ಖುದ್ದಾಗಿ, ಮಲ್ಲಿಗೆ ಸಮೇತ.
(ಮರಳಿ ಬಂದ ಪ್ರತಿಯ ಮೇಲಿನ ಷರಾ: “ಪಂಜರ ತೊಳೆದಾಯ್ತಾ? ನಾನೇ ಬಂದು ಮೂಸಿ ನೋಡ್ತೀನಿ.”)