ತಾಡಪತ್ರಿ ಮಿಷಿನ್ನಿನ ಕೌದಿ

ಎದೆ ಧಸಕ್ಕೆನ್ನಬೇಕಾದರೆ ಹಾವೋ ಕಳ್ಳನೋ ಎದುರಾಗಬೇಕು, ಇಲ್ಲವೆ ಅಂಚೆಯವನು ತಾರು ಹಿಡಿದು ಬಾಗಿಲಿಗೆ ಬರಬೇಕು ಎಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ಈಗ ಇನ್ನೊಬ್ಬರ ಮನೆಯ ಹಳೆಯ ಸೀರೆ ಕಂಡರೂ ನನ್ನ ಬಾಯಿ ಒಣಗುತ್ತದೆ. ನನ್ನ ಕೈಗೂ ಸೂಜಿಗೂ ಹುಟ್ಟಿನಿಂದ ಆಗಿಬಂದಿಲ್ಲ, ಎಲ್ಲದಕ್ಕೂ ಮೂಲ ಅದೇ. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಕೌದಿ ಹೊಲಿಯಲು ಬಾರದ ಹೆಂಗಸೆಂದರೆ ನಮ್ಮ ಬಸವಕಲ್ಯಾಣದ ಕಡೆ ರೊಟ್ಟಿ ಬಡಿಯಲು ಬಾರದವಳಿಗಿಂತ ಒಂದು ಮೆಟ್ಟಿಲು ಕೆಳಗೆ. ರೊಟ್ಟಿ ಕೆಟ್ಟರೆ ಆ ಹೊತ್ತಿಗೆ ಮುಗಿಯಿತು; ಕೌದಿ ಕೆಟ್ಟರೆ ಹೊದ್ದವರೆಲ್ಲ ಚಳಿಗಾಲ ಬಂದಾಗಲೊಮ್ಮೆ ನೆನೆಯುತ್ತಾರೆ. ನನ್ನ ಇಬ್ಬರು ಮಕ್ಕಳಿಗೂ ಕೌದಿ ಹೊಲಿದವರು ನಮ್ಮ ಅತ್ತೆ. ಹೊಲಿಯುವಾಗ ನನಗೆ ಒಂದು ಮಾತೂ ಅನ್ನಲಿಲ್ಲ, ಬಂದುಹೋದವರಿಗೆಲ್ಲ ಅಂದರು.

ಹೀಗಿರುವಾಗ ನನ್ನ ಮೈದುನನ ಹೆಂಡತಿ ತನ್ನ ತವರು ಹುಮನಾಬಾದಿನಲ್ಲಿ ಗಂಡು ಹಡೆದಳು. ಹೆಸರಿಡುವ ದಿನಕ್ಕೆ ಗಂಡಿನ ಮನೆಯಿಂದ ಕೌದಿ ಹೋಗಬೇಕು. ಅತ್ತೆ ನನ್ನನ್ನು ಕರೆದು, "ನನ್ನ ಕಣ್ಣಿಗಿ ಈಗ ದಾರಾನೇ ಕಾಣವಲ್ದು. ದೊಡ್ಡ ಸೊಸಿ ನೀನು. ಬಾಣಂತಿ, ಕೂಸು ಇಬ್ರೂ ಹೊದಿಯೋ ಅಂಥಾ ಕೌದಿ ನೀನೇ ಹೊಲಿ. ಹಿರೇರು ಉಟ್ಟ ಸೀರಿ ಇರ್ಬೇಕು ಮತ್ತ, ಹೊಸಾ ಬಟ್ಟಿ ಕೂಸಿಗಿ ಚುಚ್ಚತದ" ಎಂದರು. ಈ ಸಲವೂ ಕೈಯೆತ್ತಿದರೆ ಬೀಗರ ಊರಲ್ಲೂ ನನ್ನ ಮಾನ ಹೋಗುವುದು ಖಂಡಿತ ಎನ್ನುವುದು ನನಗೆ ಗೊತ್ತಿತ್ತು.

ನನ್ನ ಮುಖ ನೋಡಿ ಮರುಗಿದವರು ನಮ್ಮ ಮನೆಯವರು. ಅವರು ಮರುಗಿದರೆ ಮನೆಗೆ ಏನಾದರೊಂದು ಸಾಮಾನು ಬಂದೇ ಬರುತ್ತದೆ. ಹುಮನಾಬಾದಿನ ದೊಡ್ಡ ರಸ್ತೆಯಲ್ಲಿ ಲಾರಿಗಳ ತಾಡಪತ್ರಿ ಹೊಲಿಯುತ್ತಿದ್ದ ಚಾಚಾ ಒಬ್ಬರು ವಯಸ್ಸಾಯಿತೆಂದು ಅಂಗಡಿ ಮುಚ್ಚುತ್ತಿದ್ದರು. ಅವರ ಮಿಷಿನ್ನೇ ಎತ್ತಿನಗಾಡಿ ಏರಿ ನಮ್ಮ ಪಡಸಾಲೆಗೆ ಬಂತು. ನೋಡಿ ನಾನು ಹೌಹಾರಿದೆ. ಸಾಮಾನ್ಯ ಮಿಷಿನ್ನಿನ ತೋಳು ಮೊಳದೊಳಗೆ ಮುಗಿಯುತ್ತದೆ; ಇದರದು ಪಡಸಾಲೆಯ ಈ ಕಂಬದಿಂದ ಹೊರಟು ಆ ಕಂಬದ ಹತ್ತಿರ ಸೂಜಿ ಇಳಿಸುತ್ತಿತ್ತು. ಎಷ್ಟು ದಪ್ಪದ ಸುರುಳಿಯಾದರೂ ಆ ತೋಳಿನ ಕೆಳಗೆ ಹಿಡಿಯುತ್ತದೆಂದು ಮನೆಯವರು ಹಿಗ್ಗಿದರು. ಹಿಂದೆಯೇ ಬಂದಿದ್ದ ಚಾಚಾ, "ಭಾಭೀ, ಇದು ತಾಡಪತ್ರಿ ನುಂಗಿ ಬೆಳದಿದ್ದು. ಸೀರಿ ಕೊಟ್ರ ಗಟಕ್ಕನ ನುಂಗ್ತದ. ಕೈ ಹುಷಾರ್" ಎಂದು ಹೇಳಿಕೊಟ್ಟು ಹೋದರು. ಕೈ ಹುಷಾರಾಗಿಯೇ ಇತ್ತು. ಮೊದಲ ದಿನ ನಾನು ಹೊಲಿದದ್ದು ಒಂದು ಹಳೆಯ ಚಾದರಕ್ಕೆ ನನ್ನ ಸೆರಗನ್ನು. ಕತ್ತರಿ ತರಲು ಏಳುವಂತಿಲ್ಲ, ಕೂಗಿದರೆ ಅತ್ತೆ ಬರುತ್ತಾರೆ. ಮನೆಯವರು ಊಟಕ್ಕೆ ಬರುವವರೆಗೂ ಮಿಷಿನ್ನಿಗೆ ಕಟ್ಟಿಹಾಕಿದ ಎಮ್ಮೆಯ ಹಾಗೆ ಕೂತಿದ್ದೆ. ಆದರೂ ಬಿಡಲಿಲ್ಲ. ಪದರಗಳನ್ನು ನೆಲಕ್ಕೆ ಹಾಸಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ, ಸುರುಳಿ ಸುತ್ತಿ ತೋಳಿನ ಕೆಳಗೆ ತೂರಿಸುವುದನ್ನು ಕಲಿತೆ.

ಇನ್ನು ಹಿರಿಯರ ಸೀರೆ. ಓಣಿಯವರನ್ನು ಬೇಡಲು ನಾಚಿಕೆ, ತವರು ರಾಜೇಶ್ವರಕ್ಕೆ ಹೋಗಿಬರಲು ಪುರುಸೊತ್ತಿಲ್ಲ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡೇವಾಲಿ ಅದೇ ಹೊತ್ತಿಗೆ ಕೂಗುತ್ತ ಬಂದಳು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನ ಮೇಲೆ ಸೀರೆಯ ಗಂಟು. ಅವಳು ಪಾತ್ರೆ ಕೊಟ್ಟು ಸೀರೆ ಒಯ್ಯುವುದನ್ನು ಕಂಡಿದ್ದೆನೇ ಹೊರತು ಅವಳಿಂದ ಸೀರೆ ಕೊಂಡವರನ್ನು ಕಂಡಿರಲಿಲ್ಲ. ಮೆಲ್ಲಗೆ ಒಳಗೆ ಕರೆದು, "ನಮ್ಮ ಓಣಿಯವು ಇಲ್ಲ ಹೌದಿಲ್ಲೋ?" ಎಂದು ಕೇಳಿದೆ.

"ಕಲ್ಯಾಣದ್ದು ಒಂದೂ ಇಲ್ಲ ಅಕ್ಕಾ, ನಿಮ್ಮಾಣಿ. ಎಲ್ಲಾ ಹುಮನಾಬಾದ್‌ ಕಡೀವು" ಎಂದಳು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮ ಓಣಿಯ ಹೆಂಗಸರು ಗುರುತು ಹಿಡಿಯದಿದ್ದರೆ ಸಾಕಿತ್ತು. ಕೌದಿ ಹೋಗುವುದೇ ಹುಮನಾಬಾದಿಗೆ ಎನ್ನುವುದು ಹೊಳೆಯಲೇ ಇಲ್ಲ. ನನ್ನ ಬುದ್ಧಿ ಕಲ್ಯಾಣದ ಬಸ್ ಸ್ಟ್ಯಾಂಡ್ ದಾಟಲಿಲ್ಲ. ಬೇಕಾದಷ್ಟು ಸೀರೆ ಕೊಂಡು, ಕೌದಿ ಹೊಲಿದು ಗಂಟು ಕಟ್ಟಿಟ್ಟೆ. ಅತ್ತೆ ಕೇಳಿದಾಗ, "ನಮ್ಮ ಅವ್ವಂದೂ ಅಜ್ಜಿದೂ ಸೀರಿ ಅವ್ರಿ, ರಾಜೇಶ್ವರದಿಂದ ಕಳಿಸ್ಯಾರ" ಎಂದುಬಿಟ್ಟೆ.

ಹೆಸರಿಡುವ ದಿನ ಬೀಗರ ಮನೆಯ ತುಂಬ ಹೆಂಗಸರು. ಅತ್ತೆ ಎಲ್ಲರ ನಡುವೆ ಕೌದಿ ಬಿಚ್ಚಿ ಹಾಸಿ, "ನಮ್ಮ ದೊಡ್ಡ ಸೊಸಿ ಹೊಲದಾಳ. ತುಂಡು ತುಂಡೂ ಆಕಿ ತವರಿನ ಹಿರೇರದು" ಎಂದು ಮೊಟ್ಟಮೊದಲ ಬಾರಿಗೆ ನನ್ನನ್ನು ಹೊಗಳಿದರು. ಆ ಸುಖ ನನಗೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸಿಕ್ಕಿತು. ಪಕ್ಕದ ಮನೆಯಾಕೆ ಬಗ್ಗಿ, ಒಂದು ನೀಲಿ ತುಂಡಿನ ಮೇಲೆ ಬೆರಳಿಟ್ಟು, "ಅಯ್ಯ, ಇದು ನನ್ನ ಸೀರಿ ಅಲ್ಲೇನ! ಒಲಿ ಕಿಡಿ ಬಿದ್ದು ತೂತಾಗಿತ್ತು, ನೋಡ್ರಿ ಇಲ್ಲಿ" ಎಂದಳು. ಅವಳ ಹಿಂದೆ ಕೂತಿದ್ದ ಅವಳ ಅತ್ತೆ, "ಆ ಸೀರಿ ಇಲಿ ಕಡದಾವ ಅಂತ ನನಗ ಅಂದಿದ್ದೆಲ್ಲ?" ಎಂದು ಎದ್ದು ನಿಂತರು.

ದಾರ ಕಾಣದ ನಮ್ಮ ಅತ್ತೆಯ ಕಣ್ಣಿಗೆ ಸೀರೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅವರು ಕೌದಿಯ ನಟ್ಟನಡುವಿನ ಹಸಿರು ತುಂಡನ್ನು ಸವರಿ, ಬೀಗಿತ್ತಿಯತ್ತ ತಿರುಗಿದರು. "ಇದು ನಾ ಮದಿವ್ಯಾಗ ನಿಮಗ ಉಡಿಸಿದ ಇಳಕಲ್ ಸೀರಿ ಅಲ್ಲೇನ್ರಿ?"

ಬೀಗಿತ್ತಿಯ ಮುಖ ಸುಣ್ಣವಾಯಿತು. ಆದರೆ ಅವರೂ ಸೋಲುವ ಪೈಕಿಯಲ್ಲ. "ಹೌದ್ರಿ. ಒಂದ್ಸಲ ಒಗದ್ರ ಬಣ್ಣೆಲ್ಲಾ ಬಿಡ್ತು. ಅದನ್ನೇ ಉಟ್ಟು ನಿಮ್ಮ ಮುಂದ ಬರ್ಬೇಕಿತ್ತೇನ್ರಿ?" ಎಂದರು.

ಈಗ ಸುಣ್ಣವಾದದ್ದು ಅತ್ತೆಯ ಮುಖ. ನನಗಂತೂ ಆ ಕೌದಿಯನ್ನೇ ಮುಸುಕು ಹಾಕಿಕೊಂಡು ಓಡಿಹೋಗೋಣ ಅನ್ನಿಸಿತು. ಕೊನೆಗೆ ಮೂಲೆಯಲ್ಲಿದ್ದ ಮುದುಕಿಯೊಬ್ಬರು, "ಹಿರೇರ ಸೀರಿ ಬೇಕಿತ್ತು, ಕೂಸಿನ ಸ್ವಂತ ಅಜ್ಜಿದೇ ಬಂದದ. ಇನ್ನ ಹೆಸರು ಇಡ್ರವಾ, ಕೂಸು ಅಳಾಕತ್ತದ" ಎಂದು ಗದರಿದರು. ಹೆಸರಿಟ್ಟರು. ಏನು ಹೆಸರೆಂದು ನನಗೆ ಮರುದಿನ ಮನೆಯವರಿಂದ ತಿಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಇಳಿಯುವಾಗ ಇಷ್ಟೇ ಅಂದರು: "ನನಗೊಂದು ಕೌದಿ ಹೊಲಿ. ನಿಮ್ಮ ತವರಿನ ಸೀರಿನೇ ಇರ್ಲಿ, ಈ ಸಲ ಖರೇನ."

ಮರುವಾರವೇ ರಾಜೇಶ್ವರಕ್ಕೆ ಓಡಿ ಅವ್ವನ ಮುಂದೆ ಕೂತೆ. "ಹಳೇ ಸೀರಿ ಎಲ್ಲಿ ಬರ್ಬೇಕು ತಂಗಿ?" ಎಂದು ಅವ್ವ ಅಡುಗೆಮನೆಯ ಮಾಡದ ಕಡೆ ಕೈ ತೋರಿಸಿದಳು. ಅಜ್ಜಿಯ ಸೀರೆ, ದೊಡ್ಡವ್ವನ ಸೀರೆ, ಅವ್ವನ ಸೀರೆ ಎಲ್ಲವೂ ಅಲ್ಲಿ ಸಾಲಾಗಿ ಡಬ್ಬಿ, ತಾಟು, ಚೆಂಬು ಆಗಿ ಫಳಫಳ ಹೊಳೆಯುತ್ತಿದ್ದವು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಊರಿಗೆ ಬಂದು ಬಾಗಿಲು ಹಾಕಿಕೊಂಡು ನನ್ನ ಟ್ರಂಕು ತೆಗೆದೆ. ಉಡುವ ಸೀರೆಗಳನ್ನೇ, ಒಳ್ಳೊಳ್ಳೆಯವನ್ನೇ ಕತ್ತರಿಸಿ, ಸೋಡಾ ಹಾಕಿ ಕುದಿಸಿ ಹಳೆಯದು ಮಾಡಿ ಹೊಲಿದೆ. ಹೊಲಿಗೆ ಮಾತ್ರ ಈ ಸಲ ಗೆರೆ ಎಳೆದಂತೆ ನೆಟ್ಟಗೆ ಬಂದಿತ್ತು. ಅತ್ತೆ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಬಹಳ ಹೊತ್ತು ಸವರಿದರು. ಹಳದಿ ತುಂಡೊಂದರ ಮೇಲೆ ಅವರ ಬೆರಳು ನಿಂತಿತು.

"ಇದು ನಿಮ್ಮವ್ವಂದೇನು?"

"ಹೌದ್ರಿ ಅತ್ತಿ."

"ಹಂಗಾದ್ರ ಹ್ವಾದ ಪಂಚಮಿಗಿ ಇದನ್ನ ಉಟ್ಟು ನಮ್ಮ ಅಂಗಳದಾಗ ಜೋಕಾಲಿ ಆಡಿದಾಕಿ ನಿಮ್ಮವ್ವೇನು?"

ನಾನು ತಲೆ ತಗ್ಗಿಸಿ ಮಿಷಿನ್ನನ್ನು ಜೋರಾಗಿ ತುಳಿಯತೊಡಗಿದೆ. ಅದರೊಳಗೆ ಬಟ್ಟೆಯೇ ಇರಲಿಲ್ಲ.