ಸಂಜೆ ಐದರ ಫೈಯರಾಬೆಂಟ್

ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವವರಿಗೆ ದಿನಕ್ಕೊಂದು ಫಜೀತಿ ಇದ್ದೇ ಇರುತ್ತದೆ. ನನಗೆ ಬರೆದು ರೂಢಿಯಿಲ್ಲ, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಬೇಸರವಾದರೆ ಕ್ಷಮಿಸಿ.

ಪುಣೆಯಲ್ಲಿ ಜರ್ಮನ್ ಕಲಿತವಳು ನಾನು. ನಮ್ಮೂರಾದ ಇಂಡಿ ಪಟ್ಟಣದ ಹತ್ತಿರ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನು ನಿಲ್ಲಿಸಲು ಬಂದ ಜರ್ಮನ್ ಎಂಜಿನಿಯರಿಗೆ ದುಭಾಷಿಯಾಗಿ ಸೇರಿದೆ. ಅದು ನನ್ನ ಮೊದಲ ನೌಕರಿ. ಮ್ಯಾನೇಜರು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು: "ಹದಿನೈದು ದಿನ ನೋಡ್ತೇವ್ರಿ ಬಾಯಾರ. ಸಾಹೇಬ್ರು ಚಲೋ ಅಂದ್ರ ಇರ್ರಿ. ಇಲ್ಲಂದ್ರ ಬ್ಯಾರೇದಾರನ್ನ ಕರಸ್ತೇವಿ." ನಮ್ಮ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯುವುದು "ಬಾಯಾರ" ಎಂದೇ.

ಒಂದು ಬೋಲ್ಟು

ಮೊದಲ ದಿನ ಸರಿಯಾಗಿ ಐದಕ್ಕೆ ಸಾಹೇಬರು ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು "ಫೈಯರಾಬೆಂಟ್" ಎಂದರು. ಫೈಯರ್ ಅಂದರೆ ಹಬ್ಬ, ಆಬೆಂಟ್ ಅಂದರೆ ಸಂಜೆ. ಆದರೆ ಎರಡೂ ಕೂಡಿದರೆ ಹಬ್ಬದ ಸಂಜೆಯಲ್ಲ. ದಿನದ ಕೆಲಸ ಮುಗಿಯಿತು ಎಂದರ್ಥ. ಆಮೇಲಿನ ಬಿಡುವಿಗೂ ಅದೇ ಮಾತು, "ಇನ್ನು ಸಾಕು" ಎಂದು ಗದರುವುದಕ್ಕೂ ಅದೇ.

ಇಷ್ಟನ್ನೂ ಮೇಸ್ತ್ರಿಗೆ ವಿವರಿಸಿದೆ. "ಒಂದ ಬೋಲ್ಟ್ ಉಳದೈತಲ್ರಿ?" ಎಂದ.

"ನಾಳೆ ಅಂತಾರ."

ಮೇಸ್ತ್ರಿ ತಲೆಯಾಡಿಸಿದ. "ತಿಳೀತ್ ಬಿಡ್ರಿ. ನಮ್ಮ ಅಳಿಯಾಗೂ ಇದ ಐತಿ. ಅವಂದು ಮುಂಜಾನಿ ಹನ್ನೊಂದಕ್ಕ ಚಾಲೂ ಆಗ್ತೈತಿ."

ಪಾಳಿ

ಸಾಹೇಬರು ಉಳಿದುಕೊಂಡಿದ್ದು ನಮ್ಮ ಕಾಕುವಿನ ಮನೆಯಲ್ಲಿ. ಕಾಕು ಅಂದರೆ ಚಿಕ್ಕಪ್ಪನ ಹೆಂಡತಿ. ನಮ್ಮಲ್ಲಿ ಮರಾಠಿ ಬಳಕೆಯೂ ಇದೆ. "ಐದರ ನಂತರ ಅವರು ಸುಮ್ಮನೆ ಒಬ್ಬರೇ ಕೂಡುತ್ತಾರೆ" ಎಂದೆ.

"ಒಬ್ರ? ಮನಿಗೆ ಬಂದ ಮಂದಿನ್ನ ಒಬ್ರನ್ನ ಕುಂಡ್ರಸ್ತಾರೇನ?" ಎಂದು ಕಾಕು ಅವತ್ತೇ ಓಣಿಯವರಿಗೆ ಪಾಳಿ ಹಚ್ಚಿದಳು. ದಿನಾ ಐದರಿಂದ ಏಳರವರೆಗೆ ಒಬ್ಬರಾದ ಮೇಲೊಬ್ಬರು ಬಂದು ಸಾಹೇಬರ ಎದುರು ಕೂತು ಮಳೆ, ನಿಂಬೆಹಣ್ಣು, ಮಗಳ ಬಾಣಂತನ ಎಲ್ಲ ಕನ್ನಡದಲ್ಲಿ ಹೇಳಿ ಹೋಗತೊಡಗಿದರು. ಮೂರನೆಯ ದಿನ ಸಾಹೇಬರು ಬಾಗಿಲು ಹಾಕಿಕೊಂಡರು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿದರೆ ಒಳಗೆ ಯಾರಿಗೋ ಆರಾಮಿಲ್ಲ ಎಂದೇ ಲೆಕ್ಕ. ಹತ್ತು ನಿಮಿಷದಲ್ಲಿ ನಾಲ್ಕು ಮನೆಯಿಂದ ಕಷಾಯ ಬಂತು. ನನ್ನ ನೌಕರಿ ಹೋಯಿತೆಂದೇ ಅಂದುಕೊಂಡೆ. ಸಾಹೇಬರು ನಾಲ್ಕನ್ನೂ ಕುಡಿದು, ಬಾಗಿಲು ತೆರೆದಿಟ್ಟು, ನನ್ನನ್ನು ಮೆಲ್ಲಗೆ ಕೇಳಿದರು: "ಈ ಜನರಿಗೆ ಸಂಬಳ ಯಾರು ಕೊಡುತ್ತಾರೆ?"

ಕಾಕುವಿನ ಅನುವಾದ

ಒಂದು ಸಂಜೆ, ಕಾಕುವಿನ ಫೈಯರಾಬೆಂಟ್ ಎಷ್ಟು ಗಂಟೆಗೆ ಎಂದು ಕೇಳಲು ಸಾಹೇಬರು ನನಗೆ ಹೇಳಿದರು. ಕೇಳಿದೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಉತ್ತರಿಸಿದಳು: "ಅದಕ್ಕ ಗಂಟಿ ಇಲ್ಲ ಅಂತ ಹೇಳು. ಬಸ್ ಹತ್ತಿ ಹೋಗೂದೈತಿ. ನಮ್ಮ ಕಡೆ ಅದಕ್ಕ ತವರುಮನಿ ಅಂತಾರ."

ಹದಿನೈದನೆಯ ದಿನ

ಮ್ಯಾನೇಜರ ಫೋನು ಬಂದದ್ದು ಐದು ಗಂಟೆ ಹತ್ತು ನಿಮಿಷಕ್ಕೆ. ಕಾಕುವಿನ ಪಡಸಾಲೆಯಲ್ಲಿದ್ದೆವು; ಸಾಹೇಬರಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದೆ. "ಬಾಯಾರ ಕೆಲಸ ಹೆಂಗೈತಿ ಅಂತ ಸಾಹೇಬ್ರನ್ನ ಕೇಳ್ರಿ."

ನನ್ನ ಬಗ್ಗೆ ನಾನೇ ಕೇಳಿ, ನಾನೇ ಅನುವಾದಿಸಬೇಕು! ಬಾಯಿ ತೆರೆದೆ. ಸಾಹೇಬರು ಕೈಯೆತ್ತಿ ತಡೆದರು. "ಫೈಯರಾಬೆಂಟ್. ನಿಮಗೂ."

"ಏನಂತಾರ್ರಿ?" ಮ್ಯಾನೇಜರು ಕೇಳಿದರು.

"ಹೇಳಬ್ಯಾಡ ಅಂತಾರ್ರಿ."

"ಅಷ್ಟು ಕೆಟ್ಟೈತೇನ್ರಿ?"

ನನ್ನ ಕಣ್ಣಲ್ಲಿ ನೀರು. ಸಾಹೇಬರು ಫೋನು ಇಸಿದುಕೊಂಡು ನಿಧಾನಕ್ಕೆ, ಓಣಿಯವರ ಧಾಟಿಯಲ್ಲೇ ಹೇಳಿದರು: "ಬಾಯಾರ ಭಾಳ ಚಲೋ ಅದಾರ್ರಿ. ಚಾ ಕುಡ್ಯಾಕ ಬರ್ರಿ."

ಆ ಕಡೆಯಿಂದ ದೊಡ್ಡ ನಗು. "ಬಾಯಾರ, ನೀವ ಕಾಯಂ ಇರ್ರಿ. ಖರೆ, ಇವರಿಗೆ ಕನ್ನಡ ಕಲಿಸಿದವರು ಯಾರು?"

"ನಮ್ಮ ಕಾಕು ರೀ."

"ಅವರಿಗೂ ಒಂದು ನೌಕರಿ ಕೊಡೂಣೇನ್ರಿ?"

ಅಡುಗೆಮನೆಯಿಂದ ಕಾಕು ಕೂಗಿದಳು: "ಐದಕ್ಕ ಬಿಡ್ತಾರೇನ, ಮೊದಲ ಕೇಳು!"