ಹೊಳೆಯಿಲ್ಲದ ಊರಿನಲ್ಲಿ ಹೊಳೆದೋಣಿ

ದೋಣಿಯ ತಳಕ್ಕೆ ಬಣ್ಣ ಹಚ್ಚುವುದು ನನ್ನ ಕಸುಬು. ಕತಾರಿನ ಅಲ್ ವಕ್ರಾದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಚೆನ್ನಾಗಿಯೇ ಮಾಡುತ್ತೇನೆ. ಆದರೆ ವಾರಕ್ಕೊಂದು ಫಜೀತಿ ಆಗದಿದ್ದರೆ ಏನೋ ಮರೆತುಬಿಟ್ಟೆನೇನೋ ಎಂದು ನನಗೇ ಅನುಮಾನ ಬರುತ್ತದೆ. ಒಂದೇ ದೋಣಿಯಿಂದ ಎಷ್ಟು ಫಜೀತಿ ಆಗಬಹುದು ಎಂಬುದನ್ನು ಕಳೆದ ಬೇಸಿಗೆಯಲ್ಲಿ ಕಂಡೆ.

೧. ನನ್ನ ಅರ್ಹತೆ

ಕತಾರಿ ಯುವಕನೊಬ್ಬ ಟ್ರೇಲರ್ ಮೇಲೆ ಅಲ್ಯೂಮಿನಿಯಂ ದೋಣಿ ಹೇರಿಕೊಂಡು ಬಂದ. ಚಪ್ಪಟೆ ತಳ, ಎರಡೂ ತುದಿ ಮೇಲಕ್ಕೆ ಬಾಗಿದ್ದವು. ಅಮೆರಿಕದಿಂದ ತರಿಸಿದ್ದಂತೆ. ಅಲ್ಲಿ ಹರಿಯುವ ಹೊಳೆಗಳಲ್ಲಿ ಕಲ್ಲುಗಳ ಮೇಲೆ ಜಾರಿಸಿಕೊಂಡು ಹೋಗಿ ಮೀನು ಹಿಡಿಯಲು ಇಂಥ ದೋಣಿ ಬಳಸುತ್ತಾರಂತೆ. ಇಡೀ ಕತಾರ್ ಹುಡುಕಿದರೂ ಒಂದು ಹೊಳೆ ಇಲ್ಲ. ಹಾಗಂತ ಗಿರಾಕಿಗೆ ಹೇಳುವುದುಂಟೇ?

ಅವನು ಅದನ್ನು ಸಮುದ್ರದಂಚಿನ ಕಾಂಡ್ಲಾ ಗಿಡಗಳ ನಡುವಿನ ಆಳವಿಲ್ಲದ ನೀರಿನಲ್ಲಿ ಓಡಿಸುತ್ತಿದ್ದ. ಚಿಪ್ಪು, ಕಲ್ಲು ಉಜ್ಜಿ ತಳದ ಬಣ್ಣ ಎದ್ದುಹೋಗಿ ಬೆಸುಗೆಯ ಹತ್ತಿರ ನೀರು ಜಿನುಗುತ್ತಿತ್ತು. ಅವನ ಅಪ್ಪ ಹಳೆಯ ಕಾಲದ ಮೀನುಗಾರ, ಮರದ ದೋಣಿಯಲ್ಲೇ ಬೆಳೆದ ಅಜ್ಜ. ಒಮ್ಮೆ ಇದರಲ್ಲಿ ಕೂತು ಬಟ್ಟೆ ಒದ್ದೆ ಮಾಡಿಕೊಂಡು, ಈ ತಗಡಿನ ಡಬ್ಬಿಗೆ ಇನ್ನು ಕಾಲಿಡುವುದಿಲ್ಲ ಎಂದು ಇಳಿದವರು ಮತ್ತೆ ಹತ್ತಿರಲಿಲ್ಲ. ಮಗನಿಗೆ ಒಂದೇ ಆಸೆ, ಅಪ್ಪನನ್ನು ಕೂರಿಸಿಕೊಂಡು ಮೀನು ಹಿಡಿಯಲು ಹೋಗಬೇಕು.

ಅಲ್ಯೂಮಿನಿಯಂ ಕೆಲಸ ಮಾಡಿದ್ದೀಯಾ ಎಂದು ಕೇಳಿದ. ನಾನು ಮಾಡಿದ್ದೆಲ್ಲ ಮರ ಮತ್ತು ಫೈಬರ್. ಗಂಟಲು ಸರಿಮಾಡಿಕೊಂಡು, ಊರಿನಲ್ಲಿ ನಮ್ಮ ಮನೆಯ ಹಿಂದೆಯೇ ಹೊಳೆ ಹರಿಯುತ್ತದೆ ಎಂದೆ. ಅವನ ಮುಖ ಅರಳಿತು. ಹೊಳೆಯ ದೋಣಿಗೆ ಹೊಳೆಯ ಮನುಷ್ಯನೇ ಸಿಕ್ಕಿದ ಎಂದು ಕೆಲಸ ಒಪ್ಪಿಸಿ ಹೋದ. ಆ ಹೊಳೆಯನ್ನು ನಾನು ಯಾವತ್ತೂ ಬಸ್ಸಿನಲ್ಲಿ ಕೂತು ಸೇತುವೆಯ ಮೇಲೆಯೇ ದಾಟಿದ್ದು ಎಂಬುದನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

೨. ಒಂದು ಬಕೆಟ್ ಎಪಾಕ್ಸಿ

ನಾವು ಸಾಮಾನ್ಯವಾಗಿ ಹಚ್ಚುವ ತಾಮ್ರ ಬೆರೆತ ಬಣ್ಣ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಅಷ್ಟು ನನಗೂ ಗೊತ್ತಿತ್ತು. ಹಾಗಾಗಿ ಎಪಾಕ್ಸಿ ತಂದೆ; ಅದು ಎರಡು ಡಬ್ಬಿಯಲ್ಲಿ ಬರುವ ಅಂಟು, ಎರಡನ್ನೂ ಕಲಸಿದರೆ ಬಿಸಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಗ್ರಾಫೈಟ್ ಸೇರಿಸಬೇಕು, ತಳ ಬೆಣ್ಣೆಯ ಹಾಗೆ ಜಾರಬೇಕು ಎಂದು ದೋಣಿಯ ಯಜಮಾನ ವಿಡಿಯೋ ತೋರಿಸಿದ್ದ. ಪೆನ್ಸಿಲ್ ಕಡ್ಡಿಯಲ್ಲಿರುತ್ತದಲ್ಲ, ಅದೇ ಕಪ್ಪು ಪುಡಿ.

ಜೊತೆಗಿದ್ದ ಮಲಯಾಳಿ ಪೇಂಟರ್, ಈ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಕಲಸೋಣ ಎಂದ. ನಾನೇನು ನಿನ್ನೆ ಬಂದವನಾ ಎಂದು ಎರಡೂ ಡಬ್ಬಿಯನ್ನು ಒಂದೇ ಬಕೆಟ್‌ಗೆ ಸುರಿದು ಕಲಸಿದೆ. ಮೂರು ಸಲ ಬ್ರಷ್ ಅದ್ದಿ ಹಚ್ಚಿದ್ದೆ, ಬಕೆಟ್‌ನಿಂದ ಹೊಗೆ ಏಳತೊಡಗಿತು. ನಾಲ್ಕನೆಯ ಸಲ ಅದ್ದಿದ ಬ್ರಷ್ ಹೊರಗೆ ಬರಲಿಲ್ಲ. ಇವತ್ತಿಗೂ ಆ ಗಟ್ಟಿ, ಬ್ರಷ್ ಸಮೇತ, ನಮ್ಮ ವರ್ಕ್‌ಶಾಪ್ ಬಾಗಿಲು ಗಾಳಿಗೆ ಬಡಿಯದಂತೆ ಕಾಯುತ್ತಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಲ್ಲ ಮಾರಾಯ್ರೆ, ಕಾದ ಕಾವಲಿಗೆ ಹಿಟ್ಟು ಪೂರಾ ಒಟ್ಟಿಗೆ ಹೊಯ್ಯುದುಂಟಾ? ಒಂದೊಂದೇ ಸೌಟು ಅಲ್ವಾ?" ಎಂದಳು.

ಮರುದಿನ ಹೊಸ ಡಬ್ಬಿ ತಂದು ಸೌಟಿನ ಲೆಕ್ಕದಲ್ಲಿ ಕಲಸಿದೆ. ಕನ್ನಡಿಯ ಹಾಗೆ ಬಂತು. ಇದು ನಮ್ಮ ಕಡೆಯ ವಿಧಾನ ಎಂದು ಮಲಯಾಳಿಗೆ ವಿವರಿಸಿದೆ. ನಿನ್ನೆ ನಾನು ಹೇಳಿದ್ದೂ ಇದನ್ನೇ ಅಲ್ಲವೇ ಎಂದ. ನಿಜ, ಆದರೆ ಅವನು ದೋಸೆಯ ವಿಷಯ ಎತ್ತಿರಲಿಲ್ಲ.

೩. ದೋಣಿಯ ಒಳಗಿನ ದನಿ

ಬಣ್ಣ ಒಣಗುವ ತನಕ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಕವುಚಿ ಇಟ್ಟಿದ್ದೆವು. ಅದರಡಿಯ ನೆರಳಿಗೆ ಸಾಟಿಯಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಉಂಡು, ಒಳಗೆ ತೂರಿ, ಹಾಯಾಗಿ ಮಲಗಿದ್ದೆ.

ಅದೇ ಹೊತ್ತಿಗೆ ದೋಣಿಯ ಯಜಮಾನ ತನ್ನ ಅಪ್ಪನನ್ನು ಕರೆತಂದಿದ್ದಾನೆ. ಅಜ್ಜ ದೋಣಿಗೆ ಒಂದು ಸುತ್ತು ಬಂದು, ಕೈಯಲ್ಲಿದ್ದ ಕೋಲಿನಿಂದ ತಳಕ್ಕೆ ಎರಡು ಬಾರಿ ಕುಟ್ಟಿದರು. ಒಳಗೆ ನನಗೆ ಗುಡುಗು ಬಡಿದಂತಾಯಿತು. ಎದ್ದ ರಭಸಕ್ಕೆ ತಲೆ ತಗಡಿಗೆ ಹೊಡೆದು, ಅಯ್ಯಯ್ಯೋ ಎಂದು ಕೂಗಿದೆ. ಅಜ್ಜನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನೀರಿಗೆ ಇಳಿಸುವ ಮೊದಲೇ ಅಳುತ್ತಿದೆಯಲ್ಲ ಎಂದು ನನಗೂ ಕೇಳುವ ಹಾಗೆ ಹೇಳಿದರು.

ತಲೆಯಲ್ಲಿ ಗುಬುಟು ಹೊತ್ತು, ಅಂಬೆಗಾಲಿಡುತ್ತ ಹೊರಬಂದೆ. ಅಷ್ಟು ಜನರ ಮುಂದೆ ಮಾನ ಹೋಗಿತ್ತು. ಮಾನ ಹೋದಾಗ ನನ್ನ ಬಾಯಿ ದೊಡ್ಡದಾಗುತ್ತದೆ.

"ಬಾಬಾ, ಈ ದೋಣಿಯ ಒಳಗೆ ಒಂದು ಹನಿ ನೀರು ಬಂದರೆ ಖಲಾಸ್. ನಾನು ಕೆಲಸ ಬಿಟ್ಟು ಊರಿಗೆ ಟಿಕೆಟ್ ಮಾಡ್ತೇನೆ."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವ ಊರು, ಟಿಕೆಟ್ ಎಲ್ಲಿಯವರೆಗೆ ಎಂದು ವಿಚಾರಿಸಿಕೊಂಡು ಹೋದರು.

೪. ಬೆವರು

ಟಿಕೆಟ್‌ನ ಮಾತು ಆಡಿದ ಮೇಲೆ ನಿದ್ದೆ ಎಲ್ಲಿಂದ? ನೀರಿಗಿಳಿಸುವ ಮುನ್ನ ಪರೀಕ್ಷೆ ಮಾಡಿಬಿಡೋಣ ಎಂದು ದೋಣಿಯನ್ನು ಟ್ರೇಲರ್ ಮೇಲೆ ನೆಟ್ಟಗೆ ಕೂರಿಸಿ ಒಳಗೆ ನೀರು ತುಂಬಿಸಿದೆವು. ತಳದಿಂದ ಹೊರಗೆ ಜಿನುಗದಿದ್ದರೆ ಗೆದ್ದ ಹಾಗೆ. ಆದರೆ ಬೇಸಿಗೆಯಲ್ಲಿ ನಮ್ಮ ಟ್ಯಾಂಕಿನ ನೀರು ಚಹಾ ಮಾಡುವಷ್ಟು ಬಿಸಿ. ಹೊಸ ಬಣ್ಣಕ್ಕೆ ತೊಂದರೆ ಬೇಡವೆಂದು ಬಂದರಿನಿಂದ ಮೂರು ದೊಡ್ಡ ಐಸ್ ತುಂಡು ತರಿಸಿ ನೀರಿಗೆ ಹಾಕಿಸಿದೆ.

ಅರ್ಧ ಗಂಟೆಯಲ್ಲಿ ತಳದ ಉದ್ದಕ್ಕೂ ಹನಿಗಳು. ಒರೆಸಿದೆ, ಮತ್ತೆ ಬಂದವು. ಹೆಂಡತಿಗೆ ಫೋನ್ ಮಾಡಿ, ದೊಡ್ಡ ಸೂಟ್‌ಕೇಸ್ ಎಲ್ಲಿದೆ ಎಂದು ಕೇಳಿಯೂಬಿಟ್ಟೆ.

ಮಲಯಾಳಿ ಫ್ರಿಜ್‌ನಿಂದ ಒಂದು ತಂಪು ಮಜ್ಜಿಗೆ ಬಾಟ್ಲಿ ತಂದು ನನ್ನ ಕೈಗಿಟ್ಟ. ಕುಡಿದು ಸಮಾಧಾನ ಮಾಡಿಕೊಳ್ಳಲಿ ಎಂದಿರಬೇಕು ಅಂದುಕೊಂಡೆ. ನೋಡುತ್ತಿದ್ದ ಹಾಗೆ ಬಾಟ್ಲಿಯ ಹೊರಗೆಲ್ಲ ನೀರು ಮೂಡಿ ನನ್ನ ಬೆರಳು ಒದ್ದೆಯಾಯಿತು.

ಇದನ್ನೂ ಬೆಸುಗೆ ಹಾಕಿಸೋಣವೇ ಎಂದು ಕೇಳಿದ.

೫. ಒಂದು ಹನಿ

ನೀರಿಗಿಳಿಸುವ ದಿನ ಅಜ್ಜ ಬೆಳಿಗ್ಗೆಯೇ ಬಂದರು. ತಾವೇ ಒಳಗೆ ಕೂತು ಪರೀಕ್ಷಿಸುವುದಾಗಿ ಹೇಳಿ, ಟ್ರೇಲರ್ ಮೇಲಿದ್ದಾಗಲೇ ದೋಣಿ ಹತ್ತಿದರು. ನಡುವಿನ ಸೀಟಿನಲ್ಲಿ ಕೂತು, ಒಂದು ಕೈಯಲ್ಲಿ ಕಾಫಿಯ ಪುಟ್ಟ ಕಪ್ಪು ಹಿಡಿದು, ಕಾಲಬುಡದ ತಗಡನ್ನೇ ದಿಟ್ಟಿಸತೊಡಗಿದರು. ಮಗ ಕಾರನ್ನು ಹಿಂದಕ್ಕೆ ಬಿಡುತ್ತ ಟ್ರೇಲರನ್ನು ಸಮುದ್ರಕ್ಕಿಳಿಯುವ ಇಳಿಜಾರಿನ ಮೇಲ್ತುದಿಗೆ ತಂದು ನಿಲ್ಲಿಸಿದ.

ಇಪ್ಪತ್ತು ವರ್ಷ ನಾನು ಇಳಿಸಿದ ದೋಣಿಗಳೆಲ್ಲ ನಾಲ್ಕು ಜನ ಏಲೇಲೋ ಎಂದು ನೂಕಿದರೂ ಅಲ್ಲಾಡದಂಥವು. ಹಾಗಾಗಿ ಮೊದಲು ದೋಣಿಯನ್ನು ಟ್ರೇಲರಿಗೆ ಬಿಗಿದ ಬೆಲ್ಟ್ ಬಿಚ್ಚುವುದು, ಆಮೇಲೆ ಜನ ಕರೆಯುವುದು ನನ್ನ ಅಭ್ಯಾಸ. ಬೆಲ್ಟ್ ಬಿಚ್ಚಿ, ಯಲ್ಲಾ, ನಾಲ್ಕು ಜನ ಬನ್ನಿ ಎಂದು ತಿರುಗಿದೆ. ನಾಲ್ಕೂ ಜನ ನನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತ ಬಾಯಿ ಬಿಟ್ಟು ನಿಂತಿದ್ದರು.

ಗ್ರಾಫೈಟ್ ತನ್ನ ಕೆಲಸ ಮಾಡಿತ್ತು. ಯಾರೂ ಮುಟ್ಟದೆ ದೋಣಿ ಸರ್ರನೆ ಜಾರಿ, ಇಳಿಜಾರು ದಾಟಿ, ಸಮುದ್ರಕ್ಕೆ ಇಳಿದು, ಅಜ್ಜನ ಸಮೇತ ತನ್ನ ಪಾಡಿಗೆ ಹೊರಟಿತ್ತು. ಹುಟ್ಟುಗಳು ಇನ್ನೂ ಕಾರಿನಲ್ಲಿದ್ದವು.

ಮಗ ಅಪ್ಪನನ್ನು ಕೂಗುತ್ತ ದಡದಲ್ಲಿ ಓಡಾಡಿದ. ನಾನು ಬೂಟು ಸಮೇತ ನೀರಿಗೆ ಹಾರಿದೆ. ಎದೆಮಟ್ಟದ ನೀರಿನಲ್ಲಿ ಏಗುತ್ತ ಹೋಗಿ, ಅಂತೂ ದೋಣಿಯ ಅಂಚು ಹಿಡಿದು, ಪ್ರಯಾಸಪಟ್ಟು ಒಳಕ್ಕೆ ಉರುಳಿದೆ.

ಅಜ್ಜ ಕೂತ ಭಂಗಿಯಲ್ಲೇ ಇದ್ದರು. ಕಪ್ಪಿನ ಕಾಫಿ ತುಳುಕಿರಲಿಲ್ಲ. ದೋಣಿ ಇಷ್ಟು ಚೆನ್ನಾಗಿ ಓಡಿದ್ದನ್ನು ಮರದಲ್ಲೂ ಕಂಡಿಲ್ಲ ಎಂದರು. ತಳವನ್ನು ಅಂಗೈಯಿಂದ ಸವರಿ, ಒದ್ದೆಯಾಗದ ಕೈಯನ್ನು ನನಗೆ ತೋರಿಸಿದರು. ಗೆದ್ದೆ ಎಂದು ನನಗೆ ಕಣ್ಣೀರೇ ಬಂತು.

ಅಷ್ಟರಲ್ಲಿ ನನ್ನ ಅಂಗಿ, ಪ್ಯಾಂಟು, ಎರಡು ಬೂಟುಗಳಿಂದ ಇಳಿದ ನೀರು ತಗಡಿನ ಮೇಲೆ ಹರಿದು, ನಿಧಾನಕ್ಕೆ ಅಜ್ಜನ ಚಪ್ಪಲಿ ಮುಟ್ಟಿತು. ಅವರು ಕಾಲು ಮೇಲೆತ್ತಿಕೊಂಡು, ಉಳಿದ ಕಾಫಿಯನ್ನು ನನ್ನ ಕಡೆ ಚಾಚಿ ಕೇಳಿದರು:

"ನೀರು ಬಂತಲ್ಲ. ಟಿಕೆಟ್ ಮಂಗಳೂರಿನವರೆಗೆ ಅಂದಿದ್ದೆ, ಅಲ್ವಾ?"